ಹೊರಡುವ ಮಗಳಿಗೆ ಅಭಯದಾನ

ಭದ್ರಾವತಿಯ ಕಾಗದನಗರದ ಶ್ರಾವಕ ದಂಪತಿ ಮಗಳೊಡನೆ ಶಿವಮೊಗ್ಗದ ನಮ್ಮ ಮನೆಗೆ ಬಂದಿದ್ದರು. ಮಗಳು ಉನ್ನತ ವ್ಯಾಸಂಗಕ್ಕೆ ಜರ್ಮನಿಗೆ ಹೊರಟಿದ್ದಾಳೆ. “ಹೊಂಬುಜದ ಪದ್ಮಾವತಿ ಅಮ್ಮನವರ ಸನ್ನಿಧಿಯಲ್ಲಿ ಮದ್ಯ-ಮಾಂಸ ತ್ಯಾಗದ ವ್ರತ ಕೊಡಿಸಿದರೆ ಸಾಕಲ್ಲವೇ ಮೇಷ್ಟ್ರೇ?” ಎಂದರು ತಾಯಿ.

1888ರಲ್ಲಿ ಪುತಲೀಬಾಯಿಯವರಿಗೂ ಇದೇ ಅಳುಕು. ಮದ್ಯ, ಮಾಂಸ, ಸ್ತ್ರೀಸಂಗಗಳನ್ನು ಮುಟ್ಟೆನೆಂದು ಜೈನ ಸಾಧು ಬೇಚರ್‌ಜಿ ಸ್ವಾಮಿಗಳು ಪ್ರತಿಜ್ಞೆ ಮಾಡಿಸಿದ ಮೇಲೆಯೇ ಮಗ ಮೋಹನದಾಸನಿಗೆ ಲಂಡನ್ ಪ್ರಯಾಣಕ್ಕೆ ಆಕೆ ಒಪ್ಪಿದ್ದು. ವ್ರತವೇನೋ ಉಳಿಯಿತು; ಆದರೆ ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರದ ಉಪಾಹಾರಗೃಹ ಕಣ್ಣಿಗೆ ಬೀಳುವವರೆಗೆ ಆ ತರುಣ ಅರೆಹೊಟ್ಟೆಯಲ್ಲಿದ್ದ.

ಆದ್ದರಿಂದ ವ್ರತದೊಡನೆ ಅನ್ನ-ಸಾರು ಮಾಡುವುದನ್ನೂ ಕಲಿಸಿರೆಂದೆ. ಪಾಸ್‌ಪೋರ್ಟ್, ವೀಸಾ, ಆರೋಗ್ಯ ವಿಮೆಯ ಪ್ರತಿಗಳು ಮನೆಯಲ್ಲೂ ಇರಲಿ. ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಲಿ. ಅಲ್ಲಿನ ತುರ್ತು ಸಂಖ್ಯೆ 112 ಬಾಯಿಪಾಠವಾಗಿರಲಿ. ಇವೆಲ್ಲ ಒಂದು ವಾರದ ಕೆಲಸ.

ಕಠಿಣವಾದುದು ಬೇರೆಯೇ ಇದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲ ಮೂರನ್ನು ಮಕ್ಕಳಿಗೆ ಧಾರಾಳವಾಗಿ ಕೊಡುತ್ತೇವೆ. ನಾಲ್ಕನೆಯದಕ್ಕೆ ಕೈ ಹಿಂಜರಿಯುತ್ತದೆ. ಹಣ ಕಳೆದುಕೊಂಡ, ಪರೀಕ್ಷೆಯಲ್ಲಿ ಸೋತ, ಯಾರದೋ ಬೆದರಿಕೆಗೆ ಸಿಕ್ಕಿದ ಮಕ್ಕಳು ಮನೆಗೆ ಹೇಳಲಂಜಿ ಇನ್ನಷ್ಟು ಆಳಕ್ಕೆ ಇಳಿಯುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದ ನಾನೂ ಎಷ್ಟೋ ಮಕ್ಕಳನ್ನು ಗದರಿಸಿ ಬಾಯಿ ಮುಚ್ಚಿಸಿದವನೇ.

“ವ್ರತಭಂಗವಾಯಿತೆಂದು ಹೇಳಿಬಿಟ್ಟರೆ?” ತಂದೆ ಕೇಳಿದರು.

“ಗುರುಗಳ ಮುಂದೆ ದೋಷ ನಿವೇದಿಸುವ ಆಲೋಚನೆಯೇ ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು. ಮಗಳು ನಿಮ್ಮ ಮುಂದೆ ಹೇಳಿಕೊಂಡರೆ ಕೇಳಿಸಿಕೊಳ್ಳಿ” ಎಂದೆ.

ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಬರುವ ಭಾನುವಾರ ಮೂವರೂ ಹೊಂಬುಜಕ್ಕೆ ಹೋಗುವವರಿದ್ದಾರೆ.