ಕುಂಬಳಕಾಯಿ ಹಬ್ಬದವರೆಗೆ ತಾಳಬೇಕಾದರೆ

ಮಹಾನವಮಿಯ ಆಯುಧ ಪೂಜೆ ಬಂತೆಂದರೆ ಲಾರಿ, ಟ್ರ್ಯಾಕ್ಟರ್, ಅಂಗಡಿ, ಗಿರಣಿ ಎಲ್ಲದಕ್ಕೂ ಬೂದುಗುಂಬಳ ಬೇಕು. ಅದಾಗಿ ಸುಮಾರು 3 ವಾರಕ್ಕೆ ದೀಪಾವಳಿ ಅಮಾವಾಸ್ಯೆ. ಹಬ್ಬ ಬಿಟ್ಟರೂ, ದೃಷ್ಟಿ ತಾಗಬಾರದೆಂದು ಅಮಾವಾಸ್ಯೆಗೆ ಬಾಗಿಲಿಗೆ ಹೊಸ ಕಾಯಿ ಕಟ್ಟುವವರು ಇದ್ದೇ ಇದ್ದಾರೆ.

ಇಷ್ಟು ಗಿರಾಕಿ ಇದ್ದರೂ ನಮ್ಮಂಥ ಒಣ ಬೇಸಾಯದವರ ಕೈಗೆ ಹಣ ಬರೋದು ಕಡಿಮೆ. ಕಾಯಿ ಬಲಿಯುವ ದಿನ ಬೇರೆ, ಹಬ್ಬದ ದಿನ ಬೇರೆ. ಕೊಳೆತು ಹೋದರೆ ಏನು ಗತಿ ಅಂತ ಹೆದರಿ, ಹೊಲಕ್ಕೆ ಬಂದವರು ಕೇಳಿದ ರೇಟಿಗೆ ಕೊಟ್ಟುಬಿಡ್ತೀವಿ.

ಅಷ್ಟು ಅವಸರ ಬೇಡ. ಚೆನ್ನಾಗಿ ಬಲಿತ ಬೂದುಗುಂಬಳ ನೆರಳು, ಗಾಳಿ ಇದ್ದರೆ 3-4 ತಿಂಗಳು ತಾಳುತ್ತದೆ. ಸಿಹಿ ಕುಂಬಳ 2-3 ತಿಂಗಳು. ಗಬ್ಬೂರಿನ ನಮ್ಮ ಮನೆಯಲ್ಲಿ ಮಾಡುವ ಕ್ರಮ ಹೀಗಿದೆ.

ಹೊಲದಲ್ಲೇ ಶುರು

ಮಿರಗ ಮಳೆಗೆ ಬದುವಿನ ಮೇಲೆ ಬೀಜ ಊರಿದರೆ 100-120 ದಿನಕ್ಕೆ ಕಾಯಿ ಬಲಿಯುತ್ತವೆ. ನಮ್ಮ ರಾಯಚೂರು ಕಡೆ ಸೆಪ್ಟೆಂಬರಿನಲ್ಲೇ ಮಳೆ ಜಾಸ್ತಿ. ಹಸಿ ಎರೆಮಣ್ಣಿಗೆ ತಾಗಿದ ಕಾಯಿ ಅಡಿಯಿಂದ ಕೊಳೆಯುತ್ತದೆ. ಕಾಯಿ ತೆಂಗಿನಕಾಯಿ ಗಾತ್ರ ಆದಾಗಲೇ ಕೆಳಗೆ ಚಪ್ಪಟೆ ಕಲ್ಲು ಅಥವಾ ಒಣ ಹುಲ್ಲು ಕೊಡಬೇಕು.

ಬೂದುಗುಂಬಳದ ಮೇಲಿನ ರೋಮ ಉದುರಿ, ಬೂದಿ ತುಂಬ ಹತ್ತಿದಾಗ ಕೊಯ್ಯಬೇಕು. ಸಿಹಿ ಕುಂಬಳದ ಸಿಪ್ಪೆಗೆ ಉಗುರು ಇಳಿಯಬಾರದು, ತೊಟ್ಟು ಒಣಗಿರಬೇಕು. ಮಳೆ ಬಿಟ್ಟು ಕಾಯಿ ಒಣಗಿದ ಮೇಲೆ, 2-3 ಅಂಗುಲ ತೊಟ್ಟು ಬಿಟ್ಟು ಕುಡುಗೋಲಿನಿಂದ ಕತ್ತರಿಸಿ. ತಿರುವಿ ಕೀಳಬೇಡಿ. ತೊಟ್ಟು ಹಿಡಿದು ಎತ್ತಲೂ ಬೇಡಿ. ತೊಟ್ಟು ಕಿತ್ತ ಜಾಗದಿಂದಲೇ ಕೊಳೆ ಒಳಗೆ ಇಳಿಯುತ್ತದೆ.

ಮನೆಯಲ್ಲಿ

ಕೊಯ್ದ ಕಾಯಿಯನ್ನು ಗಾಳಿಯಾಡುವ ನೆರಳಲ್ಲಿ 8-10 ದಿನ ಬಿಡಿಬಿಡಿಯಾಗಿ ಇಡಿ. ಸಿಪ್ಪೆ ಗಟ್ಟಿಯಾಗುತ್ತದೆ, ಸಣ್ಣ ತರಚು ಗಾಯ ಒಣಗುತ್ತವೆ. ಆಮೇಲೆ ಒಂದೊಂದನ್ನೇ ಹಗ್ಗದ ಜಾಳಿಗೆಯಲ್ಲಿ ಹಾಕಿ ಜಂತಿಗೆ ತೂಗು ಹಾಕಿ. ಜಾಗ ಇಲ್ಲದಿದ್ದರೆ ಹುಲ್ಲಿನ ಸಿಂಬಿ ಮೇಲೆ ಕೂಡಿಸಿ. ಒಂದರ ಮೇಲೊಂದು ಪೇರಿಸಬಾರದು.

ಬೂದಿ ಒರೆಸಬೇಡಿ, ತೊಳೆಯಲೇಬೇಡಿ. ಅದು ಮೇಣ. ಒಳಗಿನ ನೀರು ಆರದಂತೆ, ಹೊರಗಿನ ತೇವ ಇಳಿಯದಂತೆ ಕಾಯುತ್ತದೆ. ಮಾಗುವ ಬಾಳೆಹಣ್ಣಿನ ಹತ್ತಿರ ಇಟ್ಟರೆ ಕಾಯಿ ಬೇಗ ಕೆಡುತ್ತವೆ. 8 ದಿನಕ್ಕೊಮ್ಮೆ ತಿರುವಿ ನೋಡಿ, ಮೆತ್ತಗಾದದ್ದನ್ನು ತಕ್ಷಣ ಹೊರಗೆ ಹಾಕಿ.

ಅಮೆರಿಕದಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಮನೆ ಮುಂದೆ ಕುಂಬಳಕಾಯಿ ಅಲಂಕಾರ ಮಾಡುತ್ತಾರೆ. ಕೆತ್ತಿ ಒಳಗೆ ದೀಪ ಇಟ್ಟ ಕಾಯಿ ಕೆಲವೇ ದಿನಕ್ಕೆ ಕೊಳೆಯುತ್ತದೆ. ಇಡೀ ಕಾಯಿ ವಾರಗಟ್ಟಲೆ ನಿಲ್ಲುತ್ತದೆ. ಎಲ್ಲಿಯಾದರೂ ಲೆಕ್ಕ ಒಂದೇ: ಸಿಪ್ಪೆಗೆ ಗಾಯ ಆಗಬಾರದು.

ಮಾರುವಾಗ

ಆಯುಧ ಪೂಜೆ ಮುಗಿದ ಮಾರನೇ ದಿನ ಕೇಳುವವರು ಇರೋದಿಲ್ಲ. ಹಬ್ಬಕ್ಕೆ 2-3 ದಿನ ಮೊದಲೇ ಪೇಟೆಗೆ ಒಯ್ಯಿರಿ. ಬೂದಿ ಬೆಳ್ಳಗಿದ್ದು ತೊಟ್ಟು ಗಟ್ಟಿಯಿದ್ದ ಕಾಯಿಗಳನ್ನು ದೀಪಾವಳಿಗೆ, ಮುಂದಿನ ಅಮಾವಾಸ್ಯೆಗಳಿಗೆ ಉಳಿಸಿ. ಸಣ್ಣ ಗಾಯ ಇದ್ದದ್ದನ್ನು ಮೊದಲು ಮಾರಿ, ಇಲ್ಲವೇ ಮನೆಯಲ್ಲಿ ಸಾರು, ಪಲ್ಯಕ್ಕೆ ಬಳಸಿ. ಕಾಶಿ ಹಲ್ವ ಮಾಡುವ ಹೋಟೆಲಿನವರನ್ನೂ ಕೇಳಿ ನೋಡಿ.

ಇದಕ್ಕೆ ಔಷಧಿ ಬೇಡ, ಕೋಲ್ಡ್ ಸ್ಟೋರೇಜ್ ಬೇಡ. ಹಗ್ಗ, ಹುಲ್ಲು, ಜಂತಿ ಸಾಕು. ಕಾಯಿ ತಾಳಿದರೆ ರೇಟು ಹೇಳುವ ಬಾಯಿ ನಮ್ಮದಾಗುತ್ತದೆ. ನಿಮ್ಮ ಕಡೆ ಬೇರೆ ಕ್ರಮ ಇದ್ದರೆ ಪತ್ರಿಕೆಗೆ ಬರೆದು ತಿಳಿಸಿ.