ಮೊದಲು ಅಳತೆ, ಆಮೇಲೆ ಅಣೆಕಟ್ಟು



ನಿಮ್ಮಲ್ಲಿ ಹಲವರ ತಂದೆಯೋ ಅಜ್ಜನೋ ಒಂದು ಟ್ರಂಕು ಹಿಡಿದು ಈ ಹೈದರಾಬಾದಿಗೆ ಬಂದವರು. ಹೋಟೆಲಿನಲ್ಲಿ ಲೋಟ ತೊಳೆದು, ಮಾಣಿಯಾಗಿ, ಗಲ್ಲಾದಲ್ಲಿ ಕುಳಿತು, ಕೊನೆಗೆ ಸ್ವಂತದ್ದೊಂದು ಹೋಟೆಲೋ ಅಂಗಡಿಯೋ ಮಾಡಿಕೊಂಡವರು. ಅದೇ ಅಂಗಡಿಯ ದುಡ್ಡಿನಲ್ಲಿ ಓದಿದ ನೀವು ಹೈಟೆಕ್ ಸಿಟಿಯ ಕಚೇರಿ ಸೇರಿದಿರಿ. ಅಂಗಡಿ ಮಾತ್ರ 'ಅಪ್ಪನದು' ಆಗಿಯೇ ಉಳಿಯಿತು.

ವ್ಯಾಪಾರ ನಡೆಯುವವರೆಗೆ ಇದರಿಂದ ತೊಂದರೆಯಿಲ್ಲ. ಕೆಟ್ಟ ವರ್ಷ ಬಂದಾಗ? 2020ರ ಮಾರ್ಚ್ 25ರಿಂದ ಎಲ್ಲ ಬಾಗಿಲು ಮುಚ್ಚಿದವು. ಹೋಟೆಲುಗಳಲ್ಲಿ ಕುಳಿತು ತಿನ್ನಲು ಅನುಮತಿ ಸಿಕ್ಕಿದ್ದು ಜೂನ್ 8ಕ್ಕೆ. ಸುಧಾರಿಸಿಕೊಳ್ಳುವಷ್ಟರಲ್ಲಿ ಅಕ್ಟೋಬರ್ 13ರ ಮಹಾಮಳೆ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ಅಂಥ ವರ್ಷ ಯಾವಾಗ ಬೇಕಾದರೂ ಬರಬಹುದು. ಯಜಮಾನನ ಕಾಯಿಲೆ, ಎದುರಿನ ರಸ್ತೆ ಅಗೆತ, ಬಾಡಿಗೆಯ ಏರಿಕೆ, ಇವುಗಳಲ್ಲಿ ಒಂದೇ ಸಾಕು. ಆಗ ಅಪ್ಪ ಏನೂ ಹೇಳುವುದಿಲ್ಲ. ಅಮ್ಮನ ಬಳೆ ಗಿರವಿಗೆ ಹೋದದ್ದು ಯಾರದೋ ಮದುವೆಮನೆಯಲ್ಲಿ ಬರಿಗೈ ಕಂಡಾಗಲೇ ನಿಮಗೆ ತಿಳಿಯುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮವರೊಬ್ಬರು ಇದೇ ಊರಿಗೆ ಮಾಡಿದ ಕೆಲಸ ನೆನಪಾಗುತ್ತದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದು ಹಾಳಾಯಿತು. ಮರುವರ್ಷ ನಿಜಾಮ್ ಸರ್ಕಾರ ಕರೆಸಿದ್ದು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಅವರು ಬಂದವರೇ ಅಣೆಕಟ್ಟು ಕಟ್ಟಿಸಲು ಹೊರಡಲಿಲ್ಲ. ಎಷ್ಟು ಮಳೆ ಬಿತ್ತು, ಮೇಲಿನ ಯಾವ ಕೆರೆಗಳು ಒಡೆದವು, ಎಷ್ಟು ನೀರು ಬಂತು ಎಂದು ಮೊದಲು ಲೆಕ್ಕ ಹಾಕಿದರು. ಅದರ ಮೇಲೆ ಯೋಜನೆ ನಿಂತಿತು. ನೀವು ಮನೆಯ ವ್ಯಾಪಾರಕ್ಕೆ ಮಾಡಬೇಕಾದ ಸಹಾಯವೂ ಇದೇ. ದುಡ್ಡು ಕೊಡುವುದು ಆಮೇಲಿನ ಮಾತು, ಮೊದಲು ಲೆಕ್ಕ.

ಒಂದು ಭಾನುವಾರ ಅಪ್ಪನ ಜೊತೆ ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. "ಯಾಕೆ ಹೀಗಾಯಿತು?" ಎಂದು ಕೇಳಬೇಡಿ. "ಅಪ್ಪಾ, ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ" ಎನ್ನಿ. ಮೂರು ಪಟ್ಟಿ ಸಾಕು: ಕೊಡಬೇಕಾದದ್ದು, ಬರಬೇಕಾದ ಉದ್ರಿ, ತಿಂಗಳ ಕಡ್ಡಾಯ ಖರ್ಚು. ಕೊಡಬೇಕಾದ ಪ್ರತಿ ಸಾಲದ ಎದುರು ಬಡ್ಡಿ ಬರೆಯಿರಿ. ಡೈಲಿ ಫೈನಾನ್ಸಿನ ಸಾಲ, ಕೈಸಾಲ, ಬ್ಯಾಂಕಿನ ಸಾಲ ಒಂದೇ ಅಲ್ಲ. ಹೆಚ್ಚು ಬಡ್ಡಿಯದ್ದು ಮೊದಲು ತೀರಬೇಕು. ಬ್ಯಾಂಕಿನ ಕಂತು ತಪ್ಪುವ ಹಾಗಿದ್ದರೆ, ತಪ್ಪುವ ಮೊದಲೇ ಮ್ಯಾನೇಜರರನ್ನು ಕಂಡು ಮಾತಾಡಿ.

ಈಗ ಒಂದು ಲೆಕ್ಕ ನೋಡಿ. ಬಾಡಿಗೆ 40,000, ಕೆಲಸದವರ ಸಂಬಳ 60,000, ಕರೆಂಟು-ನೀರು 10,000, ಸಾಲದ ಕಂತು 10,000, ಮನೆಖರ್ಚು 30,000 ಎಂದಿಟ್ಟುಕೊಳ್ಳಿ. ಒಟ್ಟು 1,50,000. ಅಂದರೆ ದಿನಕ್ಕೆ 5,000 ರೂಪಾಯಿ. ನೂರು ರೂಪಾಯಿ ವ್ಯಾಪಾರದಲ್ಲಿ ದಿನಸಿ, ಹಾಲು, ತರಕಾರಿ, ಗ್ಯಾಸಿಗೆ 40 ಹೋದರೆ ಕೈಯಲ್ಲಿ ಉಳಿಯುವುದು 60. ಹಾಗಾದರೆ ದಿನಕ್ಕೆ ಸುಮಾರು 8,350 ರೂಪಾಯಿ ವ್ಯಾಪಾರ ಆಗಲೇಬೇಕು. ಈ ಒಂದು ಸಂಖ್ಯೆ ಗೊತ್ತಿದ್ದರೆ ಉಳಿದ ತೀರ್ಮಾನ ಸುಲಭ. ಯಾವ ತಿಂಡಿ ನಿಲ್ಲಿಸಬೇಕು, ರಾತ್ರಿಯ ಊಟ ನಡೆಸುವುದು ಲಾಭವೇ, ಬಾಡಿಗೆ ಕಡಿಮೆ ಮಾಡಲು ಮನೆಯವರನ್ನು ಕೇಳಬೇಕೇ ಎಂಬುದೆಲ್ಲ ಇದರ ಎದುರಿಗೆ ಇಟ್ಟು ನೋಡಬಹುದು. ಮನೆಖರ್ಚನ್ನು ಬಿಟ್ಟು ಲೆಕ್ಕ ಹಾಕುವುದು ನಮ್ಮ ಹಿರಿಯರ ಹಳೆಯ ಅಭ್ಯಾಸ. ಗಲ್ಲಾದಿಂದ ತೆಗೆದ ನೂರು ರೂಪಾಯಿಯೂ ಪುಸ್ತಕದಲ್ಲಿ ಬರಲಿ.

ನಿಮ್ಮ ಓದು ಉಪಯೋಗಕ್ಕೆ ಬರುವುದು ಕಾಗದಪತ್ರದಲ್ಲಿ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ದಲ್ಲಾಳಿ ಬೇಡ. ನೋಂದಣಿ ಇದ್ದು ಕಂಪನಿಗಳಿಗೆ ಊಟ-ತಿಂಡಿ ಕಳಿಸುತ್ತಿದ್ದರೆ, 2006ರ ಕಾಯ್ದೆಯಂತೆ ಅವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ಅಪ್ಪ ಸಂಕೋಚಪಟ್ಟು ಬಿಟ್ಟ ಬಾಕಿಗೆ ನೀವು ವಿನಯದಿಂದ ಒಂದು ಪತ್ರ ಬರೆಯಬಹುದು. ಹೊಸ ಬಂಡವಾಳ ಬೇಕೇ ಬೇಕಾದರೆ ಅಡಮಾನವಿಲ್ಲದ ಮುದ್ರಾ ಸಾಲವಿದೆ. ಅದರ ಮೊದಲ ಹಂತ, ಶಿಶು, 50,000 ರೂಪಾಯಿವರೆಗೆ. ಆದರೆ ಹಳೆಯ ಸಾಲ ತೀರಿಸಲೆಂದೇ ಹೊಸ ಸಾಲ ಮಾಡುವ ಮೊದಲು ಎರಡು ಸಲ ಯೋಚಿಸಿ.

ಮುಂದಿನ ಕೆಟ್ಟ ವರ್ಷಕ್ಕೆ ಏನು ಸಿದ್ಧತೆ? ಇದಕ್ಕೂ ನಮ್ಮ ಕಡೆಯದೇ ಪಾಠವಿದೆ. ಕೈಮಗ್ಗದವರು ಕಷ್ಟಕ್ಕೆ ಸಿಕ್ಕಿದ್ದಾಗ, 1925ರಲ್ಲಿ, ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದದ್ದು ಅದೇ. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ಏಜೆಂಟರು ದಿನವೂ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯನ್ನೂ ಸಂಗ್ರಹಿಸುತ್ತಿದ್ದರು. ತಿಂಗಳ ಕೊನೆಗೆ ಉಳಿದರೆ ಇಡೋಣ ಎಂದರೆ ಉಳಿಯುವುದಿಲ್ಲ. ದಿನಕ್ಕೆ ಇನ್ನೂರು ರೂಪಾಯಿ ಬೇರೆ ಖಾತೆಗೆ ಹಾಕಿದರೆ ವರ್ಷಕ್ಕೆ 73,000. ಮೇಲಿನ ಲೆಕ್ಕದ ಹೋಟೆಲಿಗೆ ಅದು ಹೆಚ್ಚುಕಡಿಮೆ ಎರಡು ತಿಂಗಳ ಬಾಡಿಗೆ.

ಇಷ್ಟೆಲ್ಲ ಮಾಡಿದರೂ ಲೆಕ್ಕ ಕೂಡದಿರಬಹುದು. ಆಗ ಸಾಲ ಇನ್ನೂ ಬೆಳೆಯುವ ಮೊದಲು ಅಂಗಡಿ ಮುಚ್ಚುವುದು ಸೋಲಲ್ಲ, ಅವಮಾನವೂ ಅಲ್ಲ. ಆದರೆ ಆ ಮಾತು ಅಪ್ಪನ ಬಾಯಿಂದ ಬರಲಿ. ಪಟ್ಟಿ ಬರೆದುಕೊಡುವುದಷ್ಟೇ ನಿಮ್ಮ ಕೆಲಸ.

ಮೂಸಿಯ ಪ್ರವಾಹಕ್ಕೆ ಉತ್ತರವಾಗಿ ಉಸ್ಮಾನ್ ಸಾಗರ ಸಿದ್ಧವಾದದ್ದು 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ. ಒಂದು ಕೆಟ್ಟ ದಿನಕ್ಕೆ ಪರಿಹಾರ ಕಟ್ಟಲು ಇಡೀ ನಗರಕ್ಕೆ ಅಷ್ಟು ವರ್ಷ ಬೇಕಾಯಿತು. ನಿಮ್ಮ ಅಂಗಡಿಗೂ ಎರಡು ಮೂರು ವರ್ಷ ಹಿಡಿದರೆ ಧೈರ್ಯಗೆಡಬೇಡಿ. ಬರುವ ಭಾನುವಾರ ನೋಟ್‌ಬುಕ್ ತೆಗೆಯಿರಿ. ಅಮ್ಮನನ್ನೂ ಜೊತೆಗೆ ಕೂರಿಸಿಕೊಳ್ಳಿ. ಅರ್ಧ ಲೆಕ್ಕ ಇರುವುದು ಅವರ ನೆನಪಿನಲ್ಲೇ.