ಮನೆಯೊಳಗೆ ಉಳಿಯುವ ಹೊಗೆ

ಉರಿಯುವ ಸಿಗರೇಟಿನಿಂದ ಎರಡು ಬಗೆಯ ಹೊಗೆ ಹೊರಡುತ್ತದೆ. ಸೇದುವವರು ಒಳಗೆಳೆದು ಹೊರಬಿಡುವುದು ಒಂದು. ಒಂದು ದಮ್ಮಿಗೂ ಇನ್ನೊಂದಕ್ಕೂ ನಡುವೆ ತುದಿಯ ಕೆಂಡದಿಂದ ತಾನಾಗಿ ಏಳುವುದು ಇನ್ನೊಂದು. ಕಿಟಕಿಯಿಂದ ಓರೆಯಾಗಿ ಬಿಸಿಲು ಬೀಳುವ ಕೋಣೆಯಲ್ಲಿ ಇವೆರಡನ್ನೂ ಬರಿಗಣ್ಣಿನಿಂದಲೇ ಗುರುತಿಸಬಹುದು. ಬೆರಳುಗಳ ನಡುವಿನ ಕೆಂಡದಿಂದ ಏಳುವ ಎಳೆ ತಿಳಿನೀಲಿ. ಬಾಯಿಂದ ಬರುವ ಮೋಡ ಬೂದು ಬಿಳುಪು. ಕೆಂಡದ ಹೊಗೆಯ ಕಣಗಳು ತೀರ ಸಣ್ಣವು, ಹಾಗಾಗಿ ನೀಲಿ ಬೆಳಕನ್ನೇ ಹೆಚ್ಚು ಚದುರಿಸುತ್ತವೆ. ಶ್ವಾಸಕೋಶಕ್ಕೆ ಹೋಗಿ ಬಂದ ಕಣಗಳು ಅಲ್ಲಿನ ತೇವ ಹೀರಿ ಉಬ್ಬಿರುತ್ತವೆ, ಎಲ್ಲ ಬಣ್ಣವನ್ನೂ ಚದುರಿಸಿ ಬೆಳ್ಳಗೆ ಕಾಣುತ್ತವೆ.

ಮನೆಯ ಗಾಳಿಯನ್ನು ಕೆಡಿಸುವುದರಲ್ಲಿ ದೊಡ್ಡ ಪಾಲು ಈ ನೀಲಿ ಎಳೆಯದು. ಕೋಣೆಯಲ್ಲಿ ತುಂಬುವ ತಂಬಾಕಿನ ಹೊಗೆಯಲ್ಲಿ ಶೇ. 85ರಷ್ಟು ಅದೇ ಎಂಬ ಅಂದಾಜಿದೆ. ದಮ್ಮು ಎಳೆದಾಗ ತುದಿಗೆ ಗಾಳಿ ನುಗ್ಗಿ ಕೆಂಡದ ಬಿಸಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಎಳೆಯುವುದು ನಿಂತಾಗ 600ರ ಆಸುಪಾಸಿಗೆ ಇಳಿಯುತ್ತದೆ. ಹಸಿ ಸೌದೆ ಇಟ್ಟ ಒಲೆ ಉರಿಯುವುದಕ್ಕಿಂತ ಹೆಚ್ಚು ಹೊಗೆಯಾಡುವ ಹಾಗೆ, ಬಿಸಿಯೂ ಆಮ್ಲಜನಕವೂ ಸಾಲದ ತಂಬಾಕು ಅರೆಬರೆ ಸುಡುತ್ತದೆ. ಕಾರ್ಬನ್ ಮೊನಾಕ್ಸೈಡ್, ಅಮೋನಿಯಾ, ಬೆಂಜೀನ್, ನೈಟ್ರೋಸಮೈನ್‌ಗಳು ಇಂಥ ಸುಡುವಿಕೆಯಲ್ಲೇ ಹೆಚ್ಚು ಹುಟ್ಟುತ್ತವೆ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ; ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರಬಲ್ಲವು. ಸಿಗರೇಟಿನ ಫಿಲ್ಟರು ಸೇದುವವರ ಬಾಯಿಗೆ ಹೋಗುವ ಹೊಗೆಯನ್ನಷ್ಟೇ ಸೋಸುತ್ತದೆ. ಪಕ್ಕದಲ್ಲಿ ಕೂತ ಹೆಂಡತಿ, ಮಕ್ಕಳು, ವಯಸ್ಸಾದ ತಾಯಿಗೆ ಆ ಫಿಲ್ಟರೂ ಇಲ್ಲ.

ಹೊಗೆಯ ಕಣಗಳು ಬಹುಪಾಲು ಒಂದು ಮೈಕ್ರಾನ್‌ಗಿಂತ ಚಿಕ್ಕವು. ವಾಯುಮಾಲಿನ್ಯದ ಸುದ್ದಿಯಲ್ಲಿ ಪಿಎಂ 2.5 ಎಂದು ಕೇಳಿಬರುವ ಸೂಕ್ಷ್ಮಕಣಗಳ ಗುಂಪಿಗೆ ಸೇರಿದವು. ಒಂದು ಸಿಗರೇಟು ಹೆಚ್ಚು ಕಡಿಮೆ 10 ಮಿಲಿಗ್ರಾಂ ಸೂಕ್ಷ್ಮಕಣವನ್ನು ಗಾಳಿಗೆ ಬಿಡುತ್ತದೆ. ಕೇಳಲು ಇದು ಏನೂ ಅಲ್ಲ ಎನಿಸುತ್ತದೆ, ಲೆಕ್ಕ ಹಾಕಿದರೆ ಹಾಗಲ್ಲ. ಊರು ಪಟ್ಟಣಗಳ ಸಾಧಾರಣ ಮನೆಯ ಕೋಣೆ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ ಇದೆ ಎಂದಿಟ್ಟುಕೊಂಡರೆ ಅದರಲ್ಲಿ ಹಿಡಿಯುವ ಗಾಳಿ ಸುಮಾರು 34 ಘನ ಮೀಟರ್. ಕಿಟಕಿ ಬಾಗಿಲು ಮುಚ್ಚಿದ್ದಾಗ ಒಂದೇ ಸಿಗರೇಟು ಅಲ್ಲಿನ ಪ್ರತಿ ಘನ ಮೀಟರ್ ಗಾಳಿಗೆ 300 ಮೈಕ್ರೋಗ್ರಾಂನಷ್ಟು ಕಣ ತುಂಬುತ್ತದೆ. ಭಾರತದಲ್ಲಿ ಹೊರಗಿನ ಗಾಳಿಗೆ ನಿಗದಿಯಾಗಿರುವ 24 ಗಂಟೆಯ ಸರಾಸರಿ ಮಿತಿ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಮಿತಿ ಇಡೀ ದಿನದ ಸರಾಸರಿಯದು, ಹೊಗೆ ತುಂಬುವುದು ಕೆಲವು ಗಂಟೆಗಳ ಮಟ್ಟಿಗೆ, ನಿಜ. ಆದರೆ ಮನೆಯಲ್ಲಿ ಸೇದುವವರು ದಿನಕ್ಕೆ ಒಂದಕ್ಕೇ ನಿಲ್ಲಿಸುವುದು ಅಪರೂಪ.

ಹೊಗೆ ಕಣ್ಣಿಗೆ ಮರೆಯಾದ ಕೂಡಲೇ ಹೋಯಿತು ಎಂದು ಅನಿಸುವುದು ಸಹಜ. ಅದು ಹೋಗಿರುವುದಿಲ್ಲ, ಹರಡಿರುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಾಗಿಲ ಸಂದಿಗೊಂದಿಗಳಿಂದ ಗಂಟೆಗೆ ಕೋಣೆಯ ಅರ್ಧದಷ್ಟು ಗಾಳಿ ಬದಲಾಗುತ್ತಿದ್ದರೆ, 2 ಗಂಟೆ ಕಳೆದ ಮೇಲೂ ಕಣಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗಾಳಿಯಲ್ಲೇ ತೇಲುತ್ತಿರುತ್ತದೆ. ಕಿಟಕಿ ತೆರೆದರೆ ಬೇಗ ಕಡಿಮೆಯಾಗುತ್ತದೆ, ಆದರೆ ಗಾಳಿ ಎತ್ತ ಬೀಸುತ್ತದೆ ಎನ್ನುವುದು ಮನೆಯವರ ಕೈಯಲ್ಲಿಲ್ಲ. ಕಿಟಕಿಯ ಪಕ್ಕ ನಿಂತು ಸೇದಿದ ಹೊಗೆಯನ್ನು ಎದುರುಗಾಳಿ ಒಳಕ್ಕೇ ತಳ್ಳುತ್ತದೆ. ಸೀಲಿಂಗ್ ಫ್ಯಾನು ಹೊಗೆಯನ್ನು ಕೋಣೆಯ ಮೂಲೆಮೂಲೆಗೂ ಸಮನಾಗಿ ಹಂಚುತ್ತದೆ, ಹೊರಗೆ ಹಾಕುವುದಿಲ್ಲ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಒಳಗೇ ಬಿಡುತ್ತದೆ. ಎಸಿ ಹಾಕಿದಾಗ ಕಿಟಕಿಯನ್ನೂ ಮುಚ್ಚುವುದರಿಂದ ಸ್ಥಿತಿ ಇನ್ನೂ ಕೆಡುತ್ತದೆ. ಏರ್ ಪ್ಯೂರಿಫೈಯರ್ ಕಣಗಳನ್ನು ಹಿಡಿದರೂ ಕಾರ್ಬನ್ ಮೊನಾಕ್ಸೈಡ್ ಅದರ ಕೈಗೆ ಸಿಗುವುದಿಲ್ಲ. ವಾಸನೆ ಅಡಗಲಿ ಎಂದು ಊದುಬತ್ತಿ ಹಚ್ಚುವುದಂತೂ ಹೊಗೆಯ ಮೇಲೆ ಹೊಗೆ ಸೇರಿಸಿದಂತೆ. ಊದುಬತ್ತಿಯಿಂದ ಬರುವುದೂ ಸೂಕ್ಷ್ಮಕಣವೇ.

ಬಚ್ಚಲಲ್ಲಿ, ಮಹಡಿಯ ಮೆಟ್ಟಿಲ ಬಳಿ, ಮಕ್ಕಳು ಇಲ್ಲದ ಕೋಣೆಯಲ್ಲಿ ಸೇದುವುದರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಗೋಡೆಗೆ ಗೋಡೆ ಅಂಟಿದ ವಠಾರದಲ್ಲೂ ಅಪಾರ್ಟ್‌ಮೆಂಟಿನಲ್ಲೂ ಒಬ್ಬರ ಹೊಗೆ ಮೆಟ್ಟಿಲ ದಾರಿ, ಪೈಪುಗಳ ಕಿಂಡಿ, ಬಾಗಿಲ ಸಂದಿ ಹಿಡಿದು ಇನ್ನೊಬ್ಬರ ಮನೆ ಸೇರುತ್ತದೆ.

ಬೇರೆಯವರು ಬಿಟ್ಟ ಹೊಗೆ ಎಷ್ಟು ಕೆಟ್ಟದ್ದು ಎನ್ನುವುದಕ್ಕೆ ಗಟ್ಟಿ ಪುರಾವೆ ಮೊದಲು ಸಿಕ್ಕಿದ್ದು ಮನೆಗಳಿಂದಲೇ. ಜಪಾನಿನ ತಕೇಶಿ ಹಿರಾಯಾಮ ಅವರು ಸಿಗರೇಟು ಸೇದದ 91,540 ವಿವಾಹಿತ ಮಹಿಳೆಯರ ಆರೋಗ್ಯವನ್ನು 14 ವರ್ಷ ಗಮನಿಸಿ 1981ರಲ್ಲಿ ವರದಿ ಪ್ರಕಟಿಸಿದರು. ದಿನಕ್ಕೆ 20 ಅಥವಾ ಅದಕ್ಕೂ ಹೆಚ್ಚು ಸಿಗರೇಟು ಸೇದುವ ಗಂಡಂದಿರ ಹೆಂಡತಿಯರಲ್ಲಿ, ಸೇದದವರ ಹೆಂಡತಿಯರಿಗಿಂತ ಶ್ವಾಸಕೋಶದ ಕ್ಯಾನ್ಸರಿನ ಸಾವು ಸುಮಾರು ಇಮ್ಮಡಿ ಇತ್ತು. ತಂಬಾಕು ಕಂಪನಿಗಳು ಅದನ್ನು ಅಲ್ಲಗಳೆಯಲು ವರ್ಷಗಟ್ಟಲೆ ಹೆಣಗಿದವು. ಮುಂದೆ ಬೇರೆ ದೇಶಗಳ ಅಧ್ಯಯನಗಳೂ ಅದನ್ನೇ ಹೇಳಿದವು. ಈ ಹೊಗೆ ಎಷ್ಟು ಕಡಿಮೆಯಾದರೂ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ಅಮೆರಿಕದ ಸರ್ಜನ್ ಜನರಲ್ ಅವರ 2006ರ ವರದಿ ಸ್ಪಷ್ಟಪಡಿಸಿತು. ಕ್ಯಾನ್ಸರಿಗಿಂತ ಹೆಚ್ಚು ಜನರನ್ನು ಕೊಲ್ಲುವುದು ಹೃದಯದ ಕಾಯಿಲೆ: ಹೊಗೆ ರಕ್ತದ ಕಿರುಬಿಲ್ಲೆಗಳನ್ನು ಅಂಟಂಟಾಗಿಸುತ್ತದೆ, ರಕ್ತನಾಳಗಳ ಒಳಪದರವನ್ನು ಕೆಡಿಸುತ್ತದೆ.

ಹೊಗೆಯ ಪೆಟ್ಟು ಹೆಚ್ಚು ಬೀಳುವುದು ಮಕ್ಕಳಿಗೆ. ದೊಡ್ಡವರು ನಿಮಿಷಕ್ಕೆ 15 ಸಲದಷ್ಟು ಉಸಿರಾಡಿದರೆ ಹಸುಗೂಸು 40 ಸಲದಷ್ಟು ಉಸಿರಾಡುತ್ತದೆ; ಮೈತೂಕಕ್ಕೆ ಹೋಲಿಸಿದರೆ ಒಳಗೆಳೆಯುವ ಗಾಳಿ ಬಹಳ ಹೆಚ್ಚು. ಹೊಗೆಯ ಮನೆಯಲ್ಲಿ ಬೆಳೆಯುವ ಮಕ್ಕಳಿಗೆ ಕಿವಿ ಸೋರುವುದು, ಉಬ್ಬಸ, ನ್ಯುಮೋನಿಯಾ ಪದೇ ಪದೇ ಬರುತ್ತವೆ. ತೊಟ್ಟಿಲಲ್ಲೇ ಮಗು ಹಠಾತ್ತಾಗಿ ಸಾಯುವ ಅಪಾಯವೂ ಏರುತ್ತದೆ. ದೊಡ್ಡವರು ಹೊಗೆ ಹೆಚ್ಚಾದರೆ ಎದ್ದು ಹೊರಗೆ ಹೋಗಬಲ್ಲರು. ತೊಟ್ಟಿಲ ಮಗುವಿಗೆ ಆ ದಾರಿಯಿಲ್ಲ.

ಗಾಳಿ ತಿಳಿಯಾದ ಮೇಲೂ ಮುಗಿಯದ ಒಂದು ಸಂಗತಿಯಿದೆ. ಹೊಗೆಯಲ್ಲಿನ ನಿಕೋಟಿನ್ ಮತ್ತು ಜಿಡ್ಡು ಗೋಡೆ, ಪರದೆ, ಹಾಸಿಗೆ, ಸೋಫಾ, ಹೊದಿಕೆಗಳ ಮೇಲೆ ಕೂರುತ್ತವೆ. ಸೇದುವವರ ಮನೆಯಲ್ಲಿ ಗೋಡೆಗೆ ತೂಗುಹಾಕಿದ ಫೋಟೊ ತೆಗೆದರೆ ಹಿಂದಿನ ಗೋಡೆ ಬಿಳುಪಾಗಿಯೂ ಸುತ್ತಲಿನದು ಹಳದಿಯಾಗಿಯೂ ಕಾಣುತ್ತದೆ. ಆ ಹಳದಿಯೇ ಈ ಜಿಡ್ಡು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು 2010ರಲ್ಲಿ ತೋರಿಸಿದಂತೆ, ಹೀಗೆ ಕೂತ ನಿಕೋಟಿನ್ ಮನೆಯ ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಡನೆ ಬೆರೆತು ಕ್ಯಾನ್ಸರ್ ತರುವ ನೈಟ್ರೋಸಮೈನ್ ಆಗುತ್ತದೆ. ಆ ಆಮ್ಲ ಬರುವುದು ಮುಖ್ಯವಾಗಿ ಹೊಗೆಗೊಳವೆ ಇಲ್ಲದ ಗ್ಯಾಸ್ ಉರಿಯಿಂದ. ನಮ್ಮ ಬಹುಪಾಲು ಅಡುಗೆಮನೆಗಳಲ್ಲಿ ಗ್ಯಾಸ್ ಒಲೆಯಿದೆ, ಚಿಮಣಿಯಿಲ್ಲ. ನೆಲದ ಮೇಲೆ ಅಂಬೆಗಾಲಿಡುತ್ತ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಗುವಿನ ಕೈಗೆ ಈ ಜಿಡ್ಡು ಅಂಟುತ್ತದೆ.

ಕಾನೂನು ಮನೆಯ ಹೊಸಿಲು ದಾಟಿಲ್ಲ. ರಾಜಕಾರಣಿ ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2001ರಲ್ಲಿ ಸಾರ್ವಜನಿಕ ಸ್ಥಳಗಳ ಧೂಮಪಾನವನ್ನು ತಡೆಯಿತು. 2003ರ ತಂಬಾಕು ನಿಯಂತ್ರಣ ಕಾಯ್ದೆಯಡಿಯ ನಿಯಮಗಳು 2008ರ ಅಕ್ಟೋಬರ್ 2ರಂದು ದೇಶವಿಡೀ ಜಾರಿಗೆ ಬಂದವು. ಬಸ್ಸು, ಹೋಟೆಲು, ಕಚೇರಿಗಳ ಗಾಳಿ ಅದರಿಂದ ಸುಧಾರಿಸಿತು. ಮನೆಗಳಲ್ಲೂ ಬದಲಾವಣೆ ಕಾಣುತ್ತಿದೆ: ದೇಶದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಮನೆಯಲ್ಲಿ ಬೇರೆಯವರ ಹೊಗೆ ಕುಡಿಯುವವರು 2009–10ರಲ್ಲಿ ನೂರಕ್ಕೆ 52 ಮಂದಿ ಇದ್ದರು, 2016–17ರಲ್ಲಿ 39. ಇಳಿದ ಮೇಲೂ ಅದು ಕೋಟಿಗಟ್ಟಲೆ ಜನರ ಲೆಕ್ಕ. ಬೀಡಿಯನ್ನೋ ಸಿಗರೇಟನ್ನೋ ಪೂರ್ತಿ ಬಿಡುವುದು ಎಲ್ಲರಿಗೂ ಸಿಗಬೇಕಾದ ಬಿಡುಗಡೆ. ಅದು ಆಗುವವರೆಗೆ ಮನೆಯ ಗಾಳಿಯನ್ನು ಕಾಯುವ ದಾರಿ ಒಂದೇ: ಸೂರಿನ ಕೆಳಗೆ ಯಾರೂ ಸೇದಬಾರದು, ಬಂದ ನೆಂಟರೂ ಕೂಡ.

ಹಾಗೆ ನಿಲ್ಲಿಸಿದ ಮನೆಯಲ್ಲಿ ಗಾಳಿ ಒಂದು ದಿನದೊಳಗೆ ತಿಳಿಯಾಗುತ್ತದೆ. ಗೋಡೆಗಳು ನಿಧಾನ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೆಗೊದಲ್ಲಿ ಸೇದುವವರು ಬಿಟ್ಟುಹೋದ ಮನೆಗಳನ್ನು ಪರೀಕ್ಷಿಸಿದಾಗ, ಸುಮಾರು 2 ತಿಂಗಳು ಖಾಲಿಯಿದ್ದು ಶುಚಿಗೊಂಡ ಮೇಲೂ ಧೂಳಿನಲ್ಲಿ, ಗೋಡೆಗಳಲ್ಲಿ ನಿಕೋಟಿನ್ ಸಿಕ್ಕಿತು. ಹೊಸದಾಗಿ ಬಂದ, ಸೇದದ ಬಾಡಿಗೆದಾರರ ಬೆರಳುಗಳ ಮೇಲೂ ಸಿಕ್ಕಿತು. ಪರದೆ, ಹೊದಿಕೆಗಳನ್ನು ಹಲವು ಸಲ ಒಗೆಯಬೇಕಾಗುತ್ತದೆ. ಹಳೆಯ ಸ್ಪಂಜಿನ ಹಾಸಿಗೆ, ಸೋಫಾ ಒಳಗಿನಿಂದ ಶುಚಿಯಾಗುವುದು ಕಷ್ಟ. ಗೋಡೆಗೆ ಹೊಸ ಬಣ್ಣ ಹೊಡೆಸುವ ಮೊದಲು ಸೋಪಿನ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಸಬೇಕು. ತೊಳೆಸದೆ ಹೊಡೆಸಿದರೆ ಹಳದಿ ಕಲೆ ಹೊಸ ಬಣ್ಣವನ್ನೂ ದಾಟಿ ಮೇಲೆ ಮೂಡುತ್ತದೆ.